ಹದಿನಾಲ್ಕು ಬಾಡಿಗೆ ಮನೆಗಳ ಟ್ರೇಸರು

ಅರಸೀಕೆರೆಯಲ್ಲಿ ಮೊದಲ ಸಲ ಮನೆ ಬಾಡಿಗೆಗೆ ಕೊಡಲು ಹೊರಟವರು ಬುದ್ಧಿಮಾತು ಕೇಳಲು ನಮ್ಮ ಕಚೇರಿಗೆ ಬರುತ್ತಿದ್ದ ಕಾಲವೊಂದಿತ್ತು. ನಮ್ಮದು ರಸ್ತೆ, ಸೇತುವೆ, ಸರ್ಕಾರಿ ಕಟ್ಟಡಗಳ ನಕ್ಷೆ ಮಾಡುವ ಸಣ್ಣ ಕಚೇರಿ. ಬಂದವರು ಇಂಜಿನಿಯರ್ ಸಾಹೇಬರನ್ನು ಕೇಳುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು ನಕ್ಷೆಗಳನ್ನು ಇಂಕಿನಲ್ಲಿ ನಕಲು ಮಾಡುತ್ತಿದ್ದ ಟ್ರೇಸರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಆ ಮನುಷ್ಯನಿಗೆ ಸ್ವಂತ ಮನೆ ಇರಲಿಲ್ಲ. ಬೇಲೂರು, ಹಳೇಬೀಡು, ಅರಸೀಕೆರೆ ಎಲ್ಲ ಸೇರಿ ಅಷ್ಟು ಹೊತ್ತಿಗೆ ಹದಿನಾಲ್ಕು ಬಾಡಿಗೆ ಮನೆಗಳಲ್ಲಿ ಸಂಸಾರ ಮಾಡಿದ್ದರು.

"ಓನರ್‌ಗಳಿಗೆ ಏನ್ ಗೊತ್ತು ಮೇಡಂ? ಅವರು ತಮ್ಮದೊಂದು ಮನೆ ನೋಡಿರ್ತಾರೆ. ನಾನು ಹದಿನಾಲ್ಕು ನೋಡಿದೀನಿ" ಎನ್ನುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ನನಗೆ ಎರಡು ವಾರ ತಡವಾಗಿ ತಿಳಿಯಿತು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹಳೆಯ ಕಚೇರಿಯ ಜವಾನ, ಬೇರೇನೋ ಮಾತಾಡುತ್ತ ನಡುವೆ ಹೇಳಿದ. ನನ್ನ ಬಸ್ಸು ಬಂತು, ಹತ್ತಲಿಲ್ಲ. ಅಲ್ಲಿಯೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ.

ಅವರ ಬಗ್ಗೆ ಬರೆಯಲು ಸಾವೊಂದೇ ಕಾರಣವಾಗಿದ್ದರೆ ಇಷ್ಟು ಹಿಂಜರಿಯುತ್ತಿರಲಿಲ್ಲ. ಒಂದು ಕಾಲದಲ್ಲಿ ಅವರಿಗೆ, ಅದಕ್ಕಿಂತ ಹೆಚ್ಚಾಗಿ ಅವರ ಹೆಂಡತಿಗೆ, ಒಂದು ಮನೆ ತುರ್ತಾಗಿ ಬೇಕಿತ್ತು. ಅದೇ ಹೊತ್ತಿನಲ್ಲಿ ನನ್ನ ಕೈಯಲ್ಲಿ ಒಂದು ಮನೆ ಖಾಲಿ ಇತ್ತು. ಅವರು ಕೇಳಲಿಲ್ಲ, ನಾನು ಕೊಡಲಿಲ್ಲ. ವಿಷಯ ಇಷ್ಟೇ. ಆದರೆ ಇಷ್ಟೇ ಹೇಳಿ ಪೆನ್ನು ಮುಚ್ಚಿದರೆ ಅವರು ಎಂಥವರೆಂದು ನಿಮಗೆ ತಿಳಿಯುವುದಿಲ್ಲ. ನಾನು ಎಂಥವಳೆಂದೂ ತಿಳಿಯುವುದಿಲ್ಲ.

ನಾನು ಆ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಅವರು ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ಸಣಕಲು ಮೈ, ಪೂರ್ತಿ ತೋಳಿನ ಬಿಳಿ ಅಂಗಿ, ಬಲಗೈ ತೋರುಬೆರಳಿಗೆ ಎಷ್ಟು ತೊಳೆದರೂ ಬಿಡದ ಇಂಕಿನ ಕಲೆ. ಟ್ರೇಸಿಂಗ್ ಬಟ್ಟೆಯನ್ನು ನಕ್ಷೆಯ ಮೇಲೆ ಹಾಸಿ, ಸೀಮೆಸುಣ್ಣದ ಪುಡಿ ಉಜ್ಜಿ, ಆಮೇಲೆ ಗೆರೆ ಎಳೆಯುತ್ತಿದ್ದರು. ಉದ್ದದ ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಆ ಹೊತ್ತಿನಲ್ಲಿ ಯಾರೇ ಬಂದರೂ ಎಡಗೈ ಎತ್ತಿ ತೋರಿಸುತ್ತಿದ್ದರು. ಗತ್ತಿನ ಕಂಟ್ರಾಕ್ಟರುಗಳು, ಸಾಹೇಬರ ಭಾವಮೈದ, ಒಮ್ಮೆ ಸ್ವತಃ ಸಾಹೇಬರು, ಎಲ್ಲರೂ ಆ ಕೈ ನೋಡಿ ಬಾಗಿಲಲ್ಲಿ ನಿಂತದ್ದುಂಟು. ಗೆರೆ ಮುಗಿದ ಮೇಲೆ ಉಸಿರುಬಿಟ್ಟು, "ಈಗ ಹೇಳಿ" ಎನ್ನುವರು.

ಅಕ್ಷರವಂತೂ ಮುತ್ತಿನಂಥದ್ದು. ಊರಿನಲ್ಲಿ ಯಾರಿಗೆ ಬೋರ್ಡು ಬೇಕಾದರೂ ಒಂದು ತಗಡು, ಒಂದು ಡಬ್ಬಿ ಬಣ್ಣ ತಂದುಕೊಟ್ಟರೆ ಸಾಕು, ಬರೆದುಕೊಡುತ್ತಿದ್ದರು. ಟೀ ಕುಡಿಸಿದರೆ ಕುಡಿಯುವರು. ದುಡ್ಡು ಕೊಡಲು ಹೋದವರಿಗೆ "ನಾನೇನು ಪೇಂಟರ್ ಏನ್ರೀ?" ಎಂದು ಸಿಡುಕುವರು. ಸಿಡುಕು ಅವರಿಗೆ ಚೆನ್ನಾಗಿಯೇ ಬರುತ್ತಿತ್ತು.

ಅವರು ಬೇಲೂರು ತಾಲ್ಲೂಕು ಗೆಂಡೆಹಳ್ಳಿ ಕಡೆಯವರು. ಊರಾಚೆಯ ಕೇರಿಯಲ್ಲಿ ಹುಟ್ಟಿ, ಹಾಸ್ಟೆಲಿನಲ್ಲಿ ಓದಿ, ಕೆಲಸ ಸಿಕ್ಕ ಮೇಲೆ ಗಂಡ ಹೆಂಡತಿ ಇಬ್ಬರೂ ಬೌದ್ಧರಾಗಿದ್ದರು. ಅಂದಿನಿಂದ ಮಾಂಸ ಬಿಟ್ಟಿದ್ದರು. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಿದ್ದುದು ನನ್ನ ಮೇಜಿನ ಮೇಲೆಯೇ. ಅವರ ಕೋಣೆಯಲ್ಲಿ ನಕ್ಷೆಯ ಪ್ರತಿ ತೆಗೆಯುವ ಅಮೋನಿಯಾ ವಾಸನೆ, ನನ್ನದರಲ್ಲಿ ಕಿಟಕಿ. ಹುರುಳಿ ಬಸ್ಸಾರು, ಸೊಪ್ಪಿನ ಪಲ್ಯ, ರಾಗಿ ರೊಟ್ಟಿ ತರುತ್ತಿದ್ದರು. ಕಚೇರಿಯಲ್ಲಿ ನಾನು ಬಹಳ ಮುಂದುವರಿದವಳು. ಅವರ ಡಬ್ಬಿಯಿಂದ ಪಲ್ಯ ಹಾಕಿಸಿಕೊಂಡು ತಿನ್ನುತ್ತಿದ್ದೆ. ಮನೆಗೆ ಹೋಗಿ ಅದನ್ನು ಹೇಳುತ್ತಿರಲಿಲ್ಲ, ಅಷ್ಟೇ.

ನಾವು ರೈಲ್ವೆ ಗೇಟಿನಾಚೆಯ ಬಡಾವಣೆಯಲ್ಲಿ ಮನೆ ಕಟ್ಟಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ನಮ್ಮವರು ರೈಲ್ವೆಯಲ್ಲಿ ಗಾರ್ಡು, ತಿಂಗಳಲ್ಲಿ ಅರ್ಧದಷ್ಟು ದಿನ ಮನೆಯಲ್ಲಿ ಇರುತ್ತಿರಲಿಲ್ಲ. ಹಿಂದೆ ನಮ್ಮ ಸಂಸಾರ, ಮುಂದೆ ಬಾಡಿಗೆಗೆಂದು ಒಂದು ಪುಟ್ಟ ಮನೆ: ಹಾಲ್, ಕೋಣೆ, ಅಡುಗೆಮನೆ, ಬಚ್ಚಲು. ಅಂಗಳ ಮತ್ತು ನಲ್ಲಿ ಎರಡೂ ಮನೆಗೆ ಸೇರಿದ್ದು. ಗಾರೆ ಒಣಗುವ ಮುಂಚೆಯೇ ನನಗೆ ಓನರ್ ಆದ ಬಿಂಕ ಬಂದುಬಿಟ್ಟಿತ್ತು. ಕಚೇರಿಯಲ್ಲಿ ಟ್ರೇಸರು ನನ್ನನ್ನು "ಏನು ಓನರಮ್ಮಾ?" ಎಂದು ಛೇಡಿಸತೊಡಗಿದರು. ಹಾಗೆ ನನ್ನ ಪಾಠ ಶುರುವಾಯಿತು.

ಮೊದಲ ಪಾಠ ಮೊಳೆಯದು. "ಬಾಡಿಗೆಯೋರು ಬಂದು ಮೊದಲು ಮಾಡೋ ಕೆಲಸ ಮೊಳೆ ಹೊಡೆಯೋದು. ಓನರ್ ಮೊದಲು ಮಾಡೋ ಕೆಲಸ ಮೊಳೆ ಹೊಡೀಬೇಡಿ ಅನ್ನೋದು. ಜಗಳ ಅಲ್ಲಿಂದ್ಲೇ ಸುರು. ನಾಕು ಮೊಳೆ ನೀವೇ ಹೊಡೆದು ಕೊಟ್‌ಬಿಡಿ ಮೇಡಂ. ಒಂದು ಕ್ಯಾಲೆಂಡರ್‌ಗೆ, ಒಂದು ಕನ್ನಡಿಗೆ, ಒಂದು ಅಂಗಿಗೆ, ಒಂದು ಅವರ ದೇವರಿಗೆ. ಯಾವ ದೇವರು ಅಂತ ಕೇಳಕ್ಕೆ ಹೋಗ್ಬೇಡಿ."

ಹಳೇಬೀಡಿನ ಮನೆಯಲ್ಲಿ ಓನರು ಗೋಡೆ ಮುಟ್ಟಲು ಬಿಡಲಿಲ್ಲವಂತೆ. ಮೂರು ವರ್ಷ ಬುದ್ಧನ ಪಟ ಟ್ರಂಕಿನೊಳಗೆ ಸೀರೆಗಳ ಮಧ್ಯೆ ಇತ್ತು. "ಅವನಿಗೇನು ಬಿಡಿ, ಎಲ್ಲಿಟ್ರೂ ಕಣ್ಮುಚ್ಕೊಂಡೇ ಇರ್ತಾನೆ" ಎಂದು ನಕ್ಕಿದ್ದರು.

ಎರಡನೆಯದು ಬೀಗದ ಕೈ. ಎರಡೂ ಕೈಗಳನ್ನು ಬಾಡಿಗೆಯವರಿಗೇ ಕೊಡಬೇಕು, ಒಂದನ್ನು ತಾನಿಟ್ಟುಕೊಂಡ ಓನರಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದರು. ಬೇಲೂರಿನಲ್ಲಿ ಒಬ್ಬ ಓನರಮ್ಮ, ಇವರು ಕಚೇರಿಗೆ, ಹೆಂಡತಿ ನೀರಿಗೆ ಹೋದ ಹೊತ್ತಿನಲ್ಲಿ ಇನ್ನೊಂದು ಕೈಯಿಂದ ಬೀಗ ತೆಗೆದು ಒಳಗೆ ಬಂದು, ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ಎತ್ತಿ ನೋಡಿ ಹೋಗಿದ್ದಳು. ಮುಚ್ಚಳ ಸೊಟ್ಟಗಿದ್ದುದು ನೋಡಿ ಹೆಂಡತಿಗೆ ತಿಳಿಯಿತು. "ಒಳಗೆ ಇದ್ದಿದ್ದು ಬಸ್ಸಾರು. ಪಾಪ, ಎಷ್ಟು ಬೇಜಾರಾಗಿರ್ಬೇಕು ಆಯಮ್ಮಂಗೆ!" ಎಂದು ಹೇಳಿ, ನಾನು ನಗಲೆಂದು ಕಾದರು. ನಾನು ನಕ್ಕೆ. ಅವರ ಕತೆಗಳಿಗೆಲ್ಲ ನಾನು ನಕ್ಕಿದ್ದೇನೆ. ಈಗ ಯೋಚಿಸಿದರೆ ಅವುಗಳಲ್ಲಿ ಒಂದೂ ನಗುವಂಥದ್ದಲ್ಲ.

ಬೇಲೂರಿನ ಓನರುಗಳ ಭಾಮೈದಂದಿರ ವಿಷಯವನ್ನಂತೂ ಅವರು ಅಭಿನಯಿಸಿ ತೋರಿಸುತ್ತಿದ್ದರು. ಮನೆ ನೋಡಲು ಹೋದಾಗ ಓನರು ಮೊದಲು ಯಾವ ಊರು ಎನ್ನುತ್ತಾರೆ, ಆಮೇಲೆ ಯಾವ ಆಫೀಸು ಎನ್ನುತ್ತಾರೆ, ಆಮೇಲೆ ಸ್ವಲ್ಪ ಕೆಮ್ಮಿ, "ಅಂದಂಗೆ ನಿಮ್ಮ ಮನೆದೇವ್ರು ಯಾವುದು?" ಎನ್ನುತ್ತಾರೆ. ಜಾತಿ ಕೇಳಿದೆ ಎನ್ನಿಸಿಕೊಳ್ಳದೆ ಜಾತಿ ಕೇಳುವ ವಿಧಾನ ಅದು, ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ. ಇವರು ನೆಟ್ಟಗೆ "ಬುದ್ಧ" ಎನ್ನುತ್ತಿದ್ದರು. ಮಾರನೆಯ ದಿನ ಹೋದರೆ ಮನೆ ಓನರಿನ ಭಾಮೈದನಿಗೆ ಕೊಟ್ಟಾಗಿರುತ್ತಿತ್ತು. "ಎಷ್ಟೊಂದು ಭಾಮೈದಂದಿರು ಮೇಡಂ ಆ ಊರಲ್ಲಿ! ಎಲ್ರೂ ನಾನು ಬರೋದನ್ನೇ ಕಾಯ್ಕೊಂಡು ಕೂತಿರೋರು."

ಕರೆಂಟಿನ ಮೀಟರು ಬೇರೆ ಬೇರೆ ಹಾಕಿಸಿ, ಒಂದೇ ಆದರೆ ಎರಡು ಮನೆಯವರೂ ದಿನಾ ಪಕ್ಕದ ಮನೆಯ ಬಲ್ಬು ಎಣಿಸುತ್ತಾರೆ. ಆಷಾಢದಲ್ಲಿ, ಮಕ್ಕಳ ಪರೀಕ್ಷೆಯ ತಿಂಗಳಲ್ಲಿ ಮನೆ ಬಿಡಿ ಅನ್ನಬೇಡಿ. ಬಾಗಿಲು ತೆರೆದೇ ಇದ್ದರೂ ಹೊರಗಿನಿಂದ ಕೂಗಿ. ಇವೆಲ್ಲ ಊಟದ ಹೊತ್ತಿನಲ್ಲಿ ನಡುನಡುವೆ ಬಂದ ಮಾತುಗಳು. ಬಂದವರನ್ನು ಏನು ಕೇಳಬೇಕು ಎಂದಾಗ ಮಾತ್ರ ರೊಟ್ಟಿ ಕೆಳಗಿಟ್ಟು ಹೇಳಿದ್ದರು.

"ಎಷ್ಟು ಜನ ಇರ್ತೀರಿ, ಯಾವತ್ತು ಬತ್ತೀರಿ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ. ಮೂರೇ. ಇನ್ನೇನೂ ಕೇಳ್ಬೇಡಿ."

ಮೂರನೆಯ ಪ್ರಶ್ನೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಅವರ ಹದಿನಾಲ್ಕನೆಯ ಮನೆ ಇದ್ದದ್ದು ಒಂದು ಹಿಟ್ಟಿನ ಗಿರಣಿಯ ಮೇಲೆ. ಊರೆಲ್ಲ ಸುತ್ತಿದರೂ ಏನೂ ಕೇಳದೆ ಮನೆ ಕೊಟ್ಟವನು ಆ ಗಿರಣಿಯವನೊಬ್ಬನೇ. ಹೊರಗಿನಿಂದ ಇಪ್ಪತ್ತೆರಡು ಕಡಿದಾದ ಮೆಟ್ಟಿಲು. ಹೆಂಡತಿಗೆ ದಮ್ಮು. ರಾಗಿ ಬೀಸಿದ ದಿನ ಹಿಟ್ಟಿನ ದೂಳು ಮೇಲೆ ಬರುತ್ತಿತ್ತು, ಅದನ್ನು ಹೇಗೋ ತಡೆದುಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಊರಿನವರೆಲ್ಲ ವರ್ಷದ ಖಾರದಪುಡಿ ಮಾಡಿಸುವಾಗ ಆ ಮನೆಯಲ್ಲಿ ಯಾರೂ ಉಸಿರಾಡುವಂತಿರಲಿಲ್ಲ.

ಒಮ್ಮೆ ಮಾರ್ಚ್ ತಿಂಗಳಿನಲ್ಲಿ ನಮ್ಮವರಿಗೆ ಬುತ್ತಿ ಕೊಡಲು ಸ್ಟೇಷನ್ನಿಗೆ ಹೋಗಿದ್ದೆ. ಪ್ಲಾಟ್‌ಫಾರಂ ಕೊನೆಯ ಬೆಂಚಿನಲ್ಲಿ ಅವರ ಹೆಂಡತಿ ಕೂತಿದ್ದರು. ಕಚೇರಿಗೆ ಒಂದೆರಡು ಸಲ ಬಂದಿದ್ದರಿಂದ ಗುರುತಿತ್ತು. ಪಕ್ಕದಲ್ಲಿ ನೀರಿನ ಬಾಟಲಿ, ಮಡಿಲಲ್ಲಿ ಬಿಡಿಸುತ್ತಿದ್ದ ತೊಗರಿಕಾಯಿ.

"ಯಾವ ಟ್ರೈನಿಗೆ ಅಮ್ಮ?" ಎಂದೆ.

"ಯಾವ ಟ್ರೈನಿಗೂ ಇಲ್ಲ ಕಣ್ರವ್ವ. ಇವತ್ತು ಮಿಲ್ಲಲ್ಲಿ ಮೆಣಸಿನಕಾಯಿ. ಸಂಜೆಗಂಟ ಇಲ್ಲೇ ಕುಂತಿರ್ತೀನಿ, ಅವರು ಬಂದು ಕರ್ಕೊಂಡ್ ಹೋಯ್ತಾರೆ. ಇಲ್ಲಿ ಗಾಳಿ ಚೆನ್ನಾಗೈತೆ."

ಎದುರಿನ ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಹೊಗೆ ಬಿಡುತ್ತ ನಿಂತಿತ್ತು. ಅವರು ಅದನ್ನೇ ಒಳ್ಳೆಯ ಗಾಳಿ ಅಂದದ್ದು. ನಮ್ಮ ಮುಂದಿನ ಮನೆಯ ಗಾರೆ ಕೆಲಸ ಆ ವಾರವೇ ಮುಗಿದಿತ್ತು.

ಮನೆಗೆ ಹೋಗುತ್ತ ದಾರಿಯುದ್ದಕ್ಕೂ ನಿರ್ಧಾರ ಮಾಡಿದೆ. ಸಂಜೆ ಅತ್ತೆಯ ಹತ್ತಿರ, "ಮುಂದಿನ ಮನೇನ ನಮ್ಮ ಆಫೀಸಿನ ಟ್ರೇಸರಿಗೆ ಕೊಡೋಣ ಅತ್ತೆ, ಗಂಡ ಹೆಂಡ್ತಿ ಇಬ್ಬರೇ, ಪಾಪ ಆಕೆಗೆ ದಮ್ಮು" ಎಂದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು.

"ಯಾವ ಜನ?"

ಹೇಳಿದೆ. ಅವರು ಮೊರ ಕೆಳಗಿಡಲಿಲ್ಲ.

"ಒಳ್ಳೆಯವರೇ ಇರ್ಬಹುದು. ನಾನೇನು ಇಲ್ಲ ಅಂದ್ನಾ? ಒಂದೇ ಅಂಗಳ, ಒಂದೇ ನಲ್ಲಿ. ನಾಳೆ ನಿನ್ನ ನಾದಿನಿ ಗಂಡನ ಕಡೆಯವರು ಬಂದು ಕೇಳಿದ್ರೆ ನಾನು ಏನು ಹೇಳ್ಲಿ, ನೀನೇ ಹೇಳ್ಕೊಡು."

ನಾನು ಹೇಳಿಕೊಡಲಿಲ್ಲ. ಜಗಳವೂ ಆಡಲಿಲ್ಲ. ಮನೆ ನನ್ನ ಹೆಸರಿನಲ್ಲಿ ಮಾಡಿದ ಸಾಲದಲ್ಲಿ ಎದ್ದಿತ್ತು. ಒಂದು ಮಾತು ಜೋರಾಗಿ ಆಡಿದ್ದರೆ ಅತ್ತೆ ನಾಲ್ಕು ದಿನ ಮುಖ ದಪ್ಪ ಮಾಡಿಕೊಂಡು ಐದನೆಯ ದಿನ ಸುಮ್ಮನಾಗುತ್ತಿದ್ದರು. ಆ ನಾಲ್ಕು ದಿನ ನನಗೆ ಬೇಡವಾಗಿತ್ತು. ತಪ್ಪನ್ನು ಅವರ ತಲೆಗೆ ಕಟ್ಟಲು ಎಷ್ಟೋ ವರ್ಷ ಪ್ರಯತ್ನಪಟ್ಟೆ. ಈಗ ಅವರೂ ಇಲ್ಲ, ಅದು ನನ್ನ ಹತ್ತಿರವೇ ಉಳಿದಿದೆ.

ಇದಾವುದೂ ತಿಳಿಯದ ಟ್ರೇಸರು ಭಾನುವಾರ ಬೆಳಿಗ್ಗೆ ಟೇಪು ಹಿಡಿದು ನಮ್ಮ ಮನೆಗೆ ಬಂದರು. ಅವರದೊಂದು ಕಟ್ಟುನಿಟ್ಟಾದ ಪಾಠವಿತ್ತು: ಮನೆ ಬಾಡಿಗೆಗೆ ಕೊಡುವ ಮೊದಲು ಓನರು ಅದರಲ್ಲಿ ಒಂದು ದಿನ ಬಾಳಬೇಕು. ಒಲೆ ಹಚ್ಚಬೇಕು, ಬಟ್ಟೆ ಒಗೆದು ಒಣಹಾಕಬೇಕು, ಮಧ್ಯಾಹ್ನ ನೆಲದ ಮೇಲೆ ಅರ್ಧ ಗಂಟೆ ಮಲಗಬೇಕು. ಆಗಲೇ ಮನೆ ಬಾಯಿಬಿಡುವುದು ಎನ್ನುತ್ತಿದ್ದರು. ನಾನು ಖಾಲಿ ಅಡುಗೆಮನೆಯಲ್ಲಿ ಸ್ಟವ್ ಇಟ್ಟು ಉಪ್ಪಿಟ್ಟು ಮಾಡಿದೆ. ಕಿಟಕಿಯ ಬಾಗಿಲು ಹೊರಗಿನ ಪೈಪಿಗೆ ಬಡಿದು ಅರ್ಧವೇ ತೆರೆಯುತ್ತಿತ್ತು. ಅಡುಗೆಕಟ್ಟೆ ಎರಡಿಂಚು ಎತ್ತರವಾಗಿತ್ತು. ಕೋಣೆಯಲ್ಲಿ ಬಟ್ಟೆ ಹರವಲು ತಂತಿ ಕಟ್ಟುವ ಜಾಗವೇ ಇರಲಿಲ್ಲ. ನಾನು ಆರು ತಿಂಗಳು ನಿಂತು ಕಟ್ಟಿಸಿದ ಮನೆಯ ಹುಳುಕು ಅವರಿಗೆ ಅರ್ಧ ದಿನದಲ್ಲಿ ಸಿಕ್ಕಿತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಪ್ಪಿಟ್ಟು ತಿಂದರು. ಆ ಮನೆಯಲ್ಲಿ ಮೊದಲು ಉಂಡವರು ಅವರೇ.

ತಿಂದಾದ ಮೇಲೆ ಕಿಟಕಿಯ ಬಳಿ ನಿಂತು ದೀರ್ಘವಾಗಿ ಉಸಿರೆಳೆದುಕೊಂಡರು.

"ಗಾಳಿ ಚೆನ್ನಾಗಿ ಆಡ್ತದೆ ಮೇಡಂ."

"ಹೌದು ಸಾರ್."

ಬಾಗಿಲಿಗೆ ಬಂದು ಕೆಳಗೆ ನೋಡಿದರು. "ಒಂದೇ ಮೆಟ್ಲು, ಅಲ್ವಾ?"

"ಒಂದೇ."

"ಒಂದೇ ಮೆಟ್ಲು" ಎಂದು ಇನ್ನೊಮ್ಮೆ ಅಂದರು, ನನಗೆ ಹೇಳಿದಂತಲ್ಲ. ಅವರು ಏನು ಕೇಳಲು ಹೊರಟಿದ್ದಾರೆಂದು ನನಗೆ ಸ್ಪಷ್ಟವಾಗಿ ತಿಳಿಯಿತು. ಇನ್ನೊಂದು ನಿಮಿಷ ಅಲ್ಲಿ ನಿಂತಿದ್ದರೆ ಕೇಳಿಯೇಬಿಡುತ್ತಿದ್ದರು. "ಕಾಫಿ ತರ್ತೀನಿ ಸಾರ್" ಎಂದು ಒಳಗೆ ಹೋಗಿಬಿಟ್ಟೆ. ಕಾಫಿಗೆ ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚು ಹೊತ್ತು ತಗೊಂಡೆ. ತಂದಾಗ ಅವರು ಟೇಪು ಸುತ್ತುತ್ತಿದ್ದರು.

ಮುಂದಿನ ಭಾನುವಾರ ಬೋರ್ಡು ಬರೆಯಲು ಬಂದರು. ತಗಡಿಗೆ ಬಿಳಿ ಬಣ್ಣವನ್ನು ಹಿಂದಿನ ದಿನವೇ ಬಳಿದು ಒಣಗಿಸಿ ತಂದಿದ್ದರು. ಅಂದು ಅಂಗಿ ಇಸ್ತ್ರಿ ಮಾಡಿದ್ದು, ಗಡ್ಡ ಹೆರೆದಿದ್ದು ನನ್ನ ಕಣ್ಣಿಗೆ ಬಿತ್ತು. ಬೋರ್ಡು ಬರೆಯುವುದಕ್ಕೆ ಯಾರಾದರೂ ಇಸ್ತ್ರಿ ಅಂಗಿ ಹಾಕುತ್ತಾರೆಯೇ ಎಂದುಕೊಂಡೆ, ಅಷ್ಟೇ. ಜಗಲಿಯ ಮೇಲೆ ತಗಡು ಒರಗಿಸಿ, ಪೆನ್ಸಿಲಿನಲ್ಲಿ ತೆಳುವಾಗಿ ಗೆರೆ ಹಾಕಿಕೊಂಡು ನೀಲಿ ಬಣ್ಣದಲ್ಲಿ ಬರೆದರು: ಮನೆ ಬಾಡಿಗೆಗೆ ಇದೆ. ಅಕ್ಷರ ಮುಗಿಸಿ ಕುಂಚ ಎತ್ತಿದರು, ಆದರೆ ಡಬ್ಬಿಯ ಮುಚ್ಚಳ ಹಾಕಲಿಲ್ಲ. ಏನೋ ಮಾತು ತೆಗೆಯುವವರಂತೆ ನನ್ನ ಕಡೆ ತಿರುಗಿದರು.

ಅತ್ತೆ ಕಿಟಕಿಯ ಹಿಂದೆ ಇದ್ದರು. ಏನು ಬರೆಸಬೇಕೆಂದು ಬೆಳಿಗ್ಗೆಯೇ ನನಗೆ ಹೇಳಿಯಾಗಿತ್ತು. ಟ್ರೇಸರು ಮಾತು ತೆಗೆಯುವುದಕ್ಕೆ ಮುಂಚೆ ನಾನೇ ತೆಗೆದೆ.

"ಸಾರ್, ಕೆಳಗೆ ಇನ್ನೊಂದು ಸಾಲು ಬೇಕಿತ್ತು. ಸಸ್ಯಾಹಾರಿಗಳಿಗೆ ಮಾತ್ರ ಅಂತ."

ಎರಡು ವರ್ಷ ದಿನಾ ಅವರ ಡಬ್ಬಿಯ ಸೊಪ್ಪು ತಿಂದವಳು ನಾನು. ಆ ಸಾಲಿನ ಪ್ರಕಾರವೇ ನೋಡಿದರೆ ಮನೆ ಸಿಗಬೇಕಾದದ್ದು ಅವರಿಗೆ. ಆದರೆ ಆ ಸಾಲು ಊಟದ್ದಲ್ಲ. ಅದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿತ್ತು, ನಮ್ಮ ಊರಿನಲ್ಲಿ ಆ ಬೋರ್ಡು ಓದುವ ಎಲ್ಲರಿಗೂ ಗೊತ್ತಿತ್ತು.

ಅವರು ಕೇಳಿದ್ದು ಒಂದೇ ಪ್ರಶ್ನೆ.

"ಸಣ್ಣಕ್ಷರದಲ್ಲಾ, ದೊಡ್ಡಕ್ಷರದಲ್ಲಾ?"

"ಸಣ್ಣಕ್ಷರದಲ್ಲಿ ಸಾರ್."

ಬರೆದರು. ಉಸಿರು ಬಿಗಿಹಿಡಿದು, ಎಂದಿನಂತೆಯೇ, ಒಂದು ಅಕ್ಷರ ಸೊಟ್ಟಗಾಗದಂತೆ. ಕುಂಚವನ್ನು ಸೀಮೆಎಣ್ಣೆಯಲ್ಲಿ ತೊಳೆದು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು. ಕಾಫಿ ಬೇಡವೆಂದರು, ಮನೆಯಲ್ಲಿ ಕಾಯುತ್ತಿರುತ್ತಾಳೆ ಎಂದರು. ಅವರು ಬೀದಿಯ ತಿರುವಿನವರೆಗೆ ಹೋಗುವುದನ್ನು ನೋಡುತ್ತ ನಿಂತಿದ್ದೆ. ಕೂಗಿ ಕರೆಯಲು ಅಷ್ಟು ಸಮಯ ಸಾಕಿತ್ತು.

ಸೋಮವಾರ ಕಚೇರಿಗೆ ಹೋದೆ. ಮಧ್ಯಾಹ್ನ ಅವರು ಡಬ್ಬಿ ತಂದು ನನ್ನ ಮೇಜಿನ ಮೇಲೆಯೇ ಬಿಚ್ಚಿದರು. ದಂಟಿನ ಪಲ್ಯ ಹಾಕಿದರು. ಬೈದಿದ್ದರೆ, ಬೇರೆ ಕೂತಿದ್ದರೆ, ಸಿಟ್ಟಾದ ಮುಖವನ್ನಾದರೂ ತೋರಿಸಿದ್ದರೆ ನನಗೆ ಹಗುರವಾಗುತ್ತಿತ್ತು. ಆ ಉಪಕಾರವನ್ನು ಅವರು ಮಾಡಲಿಲ್ಲ. ಒಂದೇ ಒಂದು ಬದಲಾವಣೆ, ಅಂದಿನಿಂದ ನನ್ನನ್ನು ಓನರಮ್ಮ ಎಂದು ಕರೆಯಲಿಲ್ಲ.

ಬೋರ್ಡು ತೂಗುಹಾಕಿದ ವಾರದಲ್ಲಿಯೇ ಬಾಡಿಗೆಯವರು ಬಂದರು. ನಮ್ಮ ಜನವೇ, ಬ್ಯಾಂಕಿನ ಗುಮಾಸ್ತ. ಅತ್ತೆಗೆ ಬಹಳ ಸಂತೋಷವಾಯಿತು. ಆರು ತಿಂಗಳಿಗೆ ಅತ್ತೆಗೂ ಆ ಮನೆಯ ಹೆಂಗಸಿಗೂ ನಲ್ಲಿ ನೀರಿನ ಮೇಲೆ ಶುರುವಾದ ಜಗಳ ಅವರು ಮನೆ ಬಿಡುವತನಕ ನಿಲ್ಲಲಿಲ್ಲ. ಒಬ್ಬರ ಮಡಿಯನ್ನು ಇನ್ನೊಬ್ಬರು ಒಪ್ಪುತ್ತಿರಲಿಲ್ಲ. ಆ ಜಗಳಕ್ಕೂ ನಾನು ಪರಿಹಾರ ಕೇಳಿದ್ದು ಟ್ರೇಸರನ್ನೇ. ನನಗೆ ನಾಚಿಕೆ ಎಂಬುದು ಬಹಳ ನಿಧಾನವಾಗಿ ಬರುತ್ತದೆ. ಅವರು ಯೋಚಿಸಿ, ಬೆಳಿಗ್ಗೆ ಏಳರವರೆಗೆ ಅವರು, ಆಮೇಲೆ ನೀವು ಎಂದು ಹಂಚಿಕೊಳ್ಳಲು ಹೇಳಿದರು. ಕೊಟ್ಟ ಸಲಹೆ ಚೆನ್ನಾಗಿಯೇ ಇತ್ತು.

ಗಂಡ ಹೆಂಡತಿ ಗಿರಣಿಯ ಮೇಲೆ ಇನ್ನೂ ನಾಲ್ಕು ವರ್ಷ ಇದ್ದರು. ಬೇಸಿಗೆ ಬಂದಾಗಲೆಲ್ಲ ಟ್ರೇಸರು ಅರ್ಧ ದಿನದ ರಜೆಯ ಅರ್ಜಿ ಕೊಡುತ್ತಿದ್ದರು. ಕಾರಣ, ಪತ್ನಿಯ ಅನಾರೋಗ್ಯ. ಎರಡು ಸಲ ಆಸ್ಪತ್ರೆಗೂ ಸೇರಿಸಿದ್ದರು. ರಜೆ ಮಂಜೂರಾದ ಆದೇಶಗಳನ್ನು ಟೈಪು ಮಾಡುತ್ತಿದ್ದವಳು ನಾನೇ. ಆ ಎರಡು ಪದಗಳ ಮೇಲೆ ನನ್ನ ಬೆರಳು ಎಷ್ಟು ಸಲ ಓಡಿದೆಯೋ ಲೆಕ್ಕವಿಲ್ಲ. ಒಮ್ಮೆಯಾದರೂ ಎದ್ದು ಹೋಗಿ, "ಸಾರ್, ಬಾಡಿಗೆಯವರನ್ನು ಬಿಡಿಸ್ತೀನಿ, ನೀವು ಬನ್ನಿ" ಎನ್ನಲಿಲ್ಲ.

ಕಚೇರಿಗೆ ಕಂಪ್ಯೂಟರ್ ಬಂದ ವರ್ಷವೇ ಅವರು ನಿವೃತ್ತರಾದರು. ಅವರ ಸ್ಟೂಲನ್ನು ಗೋಡೌನಿಗೆ ಹಾಕಿದರು. ಬೀಳ್ಕೊಡುಗೆಯ ದಿನ ಹಾರ ಕೈಯಲ್ಲಿ ಹಿಡಿದು ಒಬ್ಬರೇ ವರಾಂಡದಲ್ಲಿ ನಿಂತಿದ್ದಾಗ ಧೈರ್ಯ ಮಾಡಿ ಹತ್ತಿರ ಹೋದೆ.

"ಸಾರ್, ಅವತ್ತು ಆ ಬೋರ್ಡು..."

"ಬಣ್ಣ ಹೋಗಿದ್ರೆ ಹೇಳಿ ಮೇಡಂ, ಬಂದು ಬರೆದುಕೊಡ್ತೀನಿ" ಎಂದರು.

ಅದು ಏಟೋ ಉಪಕಾರವೋ ನನಗೆ ಇವತ್ತಿಗೂ ತಿಳಿಯದು. ಅವರ ಮುಖದಲ್ಲಿ ಏಟು ಕೊಟ್ಟವರ ಗುರುತೇನೂ ಇರಲಿಲ್ಲ.

ನಿವೃತ್ತಿಯ ದುಡ್ಡಿನಲ್ಲಿ ಹಾರನಹಳ್ಳಿ ರಸ್ತೆಯ ಬದಿಯಲ್ಲಿ ಪುಟ್ಟ ಸೈಟು ತೆಗೆದು ಮನೆ ಕಟ್ಟಿದರೆಂದು ಕೇಳಿದ್ದೆ. ಗೃಹಪ್ರವೇಶಕ್ಕೆ ಕರೆದಿದ್ದರು, ನಾನು ಹೋಗಲಿಲ್ಲ. ನೆಪಕ್ಕೇನು, ಯಾವುದೋ ಒಂದು ಸಿಕ್ಕಿತ್ತು. ಮೊದಲ ಸಲ ಹೋದದ್ದು ಅವರು ಇಲ್ಲವಾದ ಮೇಲೆ.

ಟ್ರೇಸರೂ ಕೊನೆಗೆ ಓನರ್ ಆಗಿದ್ದರು. ಮುಂದೆ ಒಂದು ಮನೆ, ಹಿಂದೆ ಒಂದು ಮನೆ. ಮುಂದಿನದಕ್ಕೆ ಬಿಸಿಲು, ಗಾಳಿ, ಜಗಲಿ. ಅದನ್ನು ಗಂಡ ಬಿಟ್ಟುಹೋದ ಒಬ್ಬ ಅಂಗನವಾಡಿ ಟೀಚರಿಗೆ ಕೊಟ್ಟು, ತಾವು ಹಿಂದಿನದರಲ್ಲಿ ಇದ್ದರು. ಆ ಹೆಂಗಸಿಗೆ ಊರಿನಲ್ಲಿ ಯಾರೂ ಮನೆ ಕೊಟ್ಟಿರಲಿಲ್ಲವಂತೆ. ನಾನು ಹೋದಾಗ ಅವಳೇ ಬಾಗಿಲು ತೋರಿಸಿದಳು, ಅವಳೇ ಕಾಫಿ ಮಾಡಿ ತಂದಳು.

ಅವರ ಹೆಂಡತಿ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಉಸಿರಿನ ಪಂಪು. ಗಿರಣಿಯ ವರ್ಷಗಳು ಅವರ ಎದೆಯಲ್ಲಿ ಉಳಿದುಬಿಟ್ಟಿದ್ದವು. ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಳ್ಳಬೇಕಾಗಿತ್ತು. ನಾನು ಬರಲೆಂದೇ ಕಾಯುತ್ತಿದ್ದವರ ಹಾಗೆ ಕೈ ಹಿಡಿದುಕೊಂಡರು.

"ನಾನು ಹೋಯ್ತೀನಿ ಅನ್ಕಂಡಿದ್ದೆ ಕಣ್ರವ್ವ, ಅವರು ಹೋದ್ರು. ಮಲ್ಗಿದ್ದೋರು ಎದ್ದೇಳ್ಲಿಲ್ಲ. ನನ್ನ ಔಷ್ದಿ ಬಾಟ್ಲಿಗೆಲ್ಲ ಯಾವುದು ಯಾವಾಗ ಅಂತ ದಪ್ಪಕ್ಷರದಲ್ಲಿ ಬರೆದು ಅಂಟಿಸವ್ರೆ. ಓದ್ಕಂಡು ಕುಡೀತೀನಿ."

ನನಗೆ ಅಳು ಬಂತು. ಅವರಿಗಾಗಿ ಬಂದ ಅಳುವೋ ನನಗಾಗಿ ಬಂದದ್ದೋ, ಎರಡೂ ಇರಬಹುದು. ಇವತ್ತು ಹೇಳಿಯೇಬಿಡಬೇಕು, ಇವರ ಕಾಲಿಗಾದರೂ ಬಿದ್ದು ಹೇಳಬೇಕು ಎಂದುಕೊಂಡು, "ಅಮ್ಮ, ನಮ್ಮ ಮುಂದಿನ ಮನೆ ಆವಾಗ ಖಾಲಿ ಇತ್ತು..." ಎಂದು ಶುರುಮಾಡಿದೆ.

"ಗೊತ್ತು ಬಿಡವ್ವ. ಅವತ್ತು ನಾನೂ ಬಂದಿದ್ನಲ್ಲ" ಎಂದರು.

"ಯಾವತ್ತು ಅಮ್ಮ?" ಎಂದೆ.

"ಬೋರ್ಡ್ ಬರೆಯೋಕೆ ಬಂದ್ರಲ್ಲ, ಆ ಭಾನುವಾರ. 'ಇವತ್ತು ಬಾಯಿಬಿಟ್ಟು ಕೇಳೇಬಿಡ್ತೀನಿ ಕಣೆ, ಮೇಡಂ ಇಲ್ಲ ಅನ್ನಲ್ಲ, ನೀನೂ ಬಾ, ಅಂಗೇ ಮನೆ ನೋಡ್ಕಂಡ್ ಬರ್ಬಹುದು' ಅಂದ್ರು. ನಾನು ಒಳ್ಳೆ ಸೀರೆ ಉಟ್ಕಂಡು ಬಂದೆ. ನಿಮ್ಮ ಬೀದಿ ತಿರುವಲ್ಲಿ ಅಂಗಡಿ ಐತಲ್ಲ, ಅಲ್ಲಿ ಕುಂಡ್ರಿಸಿ, ಕೂಗ್ತೀನಿ ಅಂತ ಹೋದ್ರು." ಮಾತು ನಿಲ್ಲಿಸಿ ಉಸಿರೆಳೆದುಕೊಂಡರು. "ಸುಮಾರು ಹೊತ್ತಾದ್ಮೇಲೆ ಬಂದ್ರು. ಕೇಳಿದ್ರಾ ಅಂದೆ. 'ಕೇಳಿದೆ ಕಣೆ, ತಕ್ಷಣ ಬನ್ನಿ ಅಂದ್ರು ಮೇಡಂ. ನಾನೇ ಬ್ಯಾಡ ಅಂದೆ. ಮನೆ ಚೆನ್ನಾಗೈತೆ, ಆದ್ರೆ ಬಚ್ಚಲು ಬಲೇ ಜಾರ್ತದೆ. ನಿನಗೆ ದಮ್ಮು ಬಂದಾಗ ಕಣ್ಣು ಕತ್ಲೆ ಬತ್ತದೆ, ಬಿದ್ದುಗಿದ್ದೀಯ' ಅಂದ್ರು. ನೀವು ಅಷ್ಟು ವಿಶ್ವಾಸದಿಂದ ಕೊಡ್ತೀನಿ ಅಂದಿದ್ದಕ್ಕೆ ಇವರು ಹಿಂಗಂದ್ಬಿಟ್ರಲ್ಲ, ಮೇಡಂ ಏನು ಅನ್ಕಂಡ್ರೋ ಅಂತ ನಂಗೆ ಇಷ್ಟು ವರ್ಷ ಮನಸ್ನಲ್ಲೇ ಇತ್ತು."

ನಮ್ಮ ಬಚ್ಚಲಿಗೆ ಹಾಸಿರುವುದು ಒರಟು ಚಪ್ಪಡಿ. ಅಲ್ಲಿ ಇವತ್ತಿನವರೆಗೆ ಯಾರೂ ಜಾರಿಲ್ಲ.

ಹೇಳಬೇಕೆಂದು ತಂದಿದ್ದ ಮಾತನ್ನು ಆಡಿದ್ದರೆ ನನಗೆ ಹಗುರವಾಗುತ್ತಿತ್ತು, ನಿಜ. ಆದರೆ ಅವರ ಗಂಡ ಅವರಿಗೆ ಹೇಳಿದ ಒಂದು ಸುಳ್ಳನ್ನು ಅವರಿಂದ ಕಿತ್ತುಕೊಳ್ಳಬೇಕಾಗುತ್ತಿತ್ತು.

ಅವರು ನನ್ನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

"ಆಮ್ಯಾಕೆ ಅದನ್ನ ಸರಿ ಮಾಡಿಸಿದಿರೇನವ್ವ, ಬಚ್ಚಲನ್ನ?"

"ಮಾಡಿಸಿದೆ ಅಮ್ಮ" ಎಂದೆ.

"ಒಳ್ಳೇದು ಮಾಡಿದ್ರಿ. ಬಾಡಿಗೆಗೆ ಬಂದೋರು ಬೀಳಬಾರದು."